ಹಾಯಿದೋಣಿಯಿಂದ ಫೈಬರ್ ಕೇಬಲ್‌ವರೆಗೆ

ಬೀದರ್ ಜಿಲ್ಲೆಯ ಹುಲಸೂರಿಗೆ ಸಮುದ್ರ ಬಹಳ ದೂರ. 1956ರ ನವೆಂಬರ್ 1ರಂದು ಹುಲಸೂರು, ಬಸವಕಲ್ಯಾಣಗಳ ಸೀಮೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡವೂ ಅಂದೇ ಬಂತು. ಆದರೆ ಆ ಜಿಲ್ಲೆಯದೇ ಆಗಿದ್ದ ಕೆಲವು ದ್ವೀಪಗಳು ಅದೇ ದಿನ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಹೋದವು. ಅಂದು ಸೇರಿದವರನ್ನು ನಾವು ಪ್ರತಿವರ್ಷ ನೆನೆಯುತ್ತೇವೆ, ಅಗಲಿದವರನ್ನು ಮರೆತಿದ್ದೇವೆ.

ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಈ ಐದು ದ್ವೀಪಗಳಿಗೆ ಅಮಿನ್‌ದೀವಿ ಎಂದು ಹೆಸರು. ಕಣ್ಣೂರಿನ ಅರಸರ ಆಡಳಿತದಿಂದ ಬೇಸತ್ತ ದ್ವೀಪವಾಸಿಗಳು 1787ರಲ್ಲಿ ಟಿಪ್ಪು ಸುಲ್ತಾನರ ಮೊರೆಹೊಕ್ಕರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ದ್ವೀಪಗಳು ಬ್ರಿಟಿಷರ ಕೈಸೇರಿ, ಮಂಗಳೂರಿನಿಂದ ಆಳಲ್ಪಟ್ಟವು. ದ್ವೀಪದ ಹಾಯಿದೋಣಿಗಳು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಸುದ್ದಿಯೂ ಅದೇ ದೋಣಿಯಲ್ಲಿ ಸಾಗಬೇಕಿತ್ತು. ಮುಂಗಾರಿನಲ್ಲಿ ದೋಣಿ ನಿಂತರೆ, ಅಕ್ಕಿಯ ಬೆಲೆಯಿರಲಿ, ಸಾವಿನ ಸುದ್ದಿಯಿರಲಿ, ಕಡಲು ಶಾಂತವಾಗುವವರೆಗೆ ಕಾಯಬೇಕಿತ್ತು.

ಇದೇ ಅರಬ್ಬೀ ಸಮುದ್ರದ ತಳದಲ್ಲಿ 1870ರಲ್ಲಿ ಮುಂಬಯಿಯಿಂದ ಏಡನ್‌ಗೆ, ಅಲ್ಲಿಂದ ಸೂಯೆಜ್‌ಗೆ ಟೆಲಿಗ್ರಾಫ್ ಕೇಬಲ್ ಹಾಕಲಾಯಿತು. ತಾಮ್ರದ ತಂತಿಗೆ ಮಲಯದ ಕಾಡಿನ ಮರದ ಅಂಟನ್ನು ಸುತ್ತಿದ ಆ ಕೇಬಲ್, ಲಂಡನ್ನಿನ ಮಾತನ್ನು ಮುಂಬಯಿಗೆ ತಲುಪಿಸಿತು. ಸಾಮ್ರಾಜ್ಯಕ್ಕೂ ವ್ಯಾಪಾರಕ್ಕೂ ಬೇಕಾದಲ್ಲಿ ತಂತಿ ಹೋಯಿತು. ಹುರಿ ಹೊಸೆಯುವವರ ದ್ವೀಪ ಯಾರ ಲೆಕ್ಕಕ್ಕೂ ಬರಲಿಲ್ಲ.

ಆ ಲೆಕ್ಕ ಬದಲಾಗಲು ಒಂದೂವರೆ ಶತಮಾನ ಬೇಕಾಯಿತು. ಉಪಗ್ರಹದ ಸಂಪರ್ಕ ಬಂದರೂ ಅದರ ಸಾಮರ್ಥ್ಯ ಎಲ್ಲರಿಗೂ ಸಾಲುತ್ತಿರಲಿಲ್ಲ. 2024ರ ಜನವರಿ 3ರಂದು ಕೊಚ್ಚಿ-ಲಕ್ಷದ್ವೀಪ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾಯಿತು. 1,868 ಕಿಲೋಮೀಟರ್ ಉದ್ದದ ಇದು 11 ದ್ವೀಪಗಳನ್ನು ಮುಟ್ಟುತ್ತದೆ. ಅಮಿನ್‌ದೀವಿಯ ಐದೂ ಅದರಲ್ಲಿವೆ. ಸೆಕೆಂಡಿಗೆ 1.7 ಗಿಗಾಬಿಟ್ ಇದ್ದ ಸಾಮರ್ಥ್ಯ 200ಕ್ಕೆ ಏರುತ್ತದೆಂದು ಸರಕಾರ ಹೇಳಿತು.

2011ರ ಜನಗಣತಿಯಂತೆ ಲಕ್ಷದ್ವೀಪದ ಜನಸಂಖ್ಯೆ 64,473. ಇಷ್ಟು ಜನರಿಗಾಗಿ 1,072 ಕೋಟಿ ರೂಪಾಯಿ ಎಂದರೆ ಲಾಭ ಎಣಿಸುವವರು ಹಿಂದೆ ಸರಿಯುತ್ತಾರೆ. ಈ ಹಣ ಬಂದದ್ದು ಟೆಲಿಕಾಂ ಕಂಪೆನಿಗಳ ಆದಾಯದ ಪಾಲಿನಿಂದ ಕೂಡಿಸಿದ ಸಾರ್ವತ್ರಿಕ ಸೇವಾ ನಿಧಿಯಿಂದ. ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಒಯ್ಯುವ ಭಾರತ್‌ನೆಟ್ ಯೋಜನೆಗೂ ಅದೇ ನಿಧಿ ಆಸರೆಯಾಯಿತು. ಅಮಿನಿಗೂ ಹುಲಸೂರಿನ ಸುತ್ತಲಿನ ಹಳ್ಳಿಗಳಿಗೂ ನಡುವಿನ ನಂಟು ಇದೇ. ಲಾಭದ ತಕ್ಕಡಿಯಲ್ಲಿ ತೂಗಿದರೆ ಎರಡೂ ಹಗುರ. ಹಕ್ಕಿನ ತಕ್ಕಡಿಯಲ್ಲಿ ಯಾವುದೂ ಹಗುರವಲ್ಲ.

ಕೇಬಲ್ ಹೊರಡುವುದು ಕೊಚ್ಚಿಯಿಂದ, ಮಂಗಳೂರಿನಿಂದಲ್ಲ. ಹಾಗೆಂದು ಹುರಿ ಕೊಟ್ಟು ಅಕ್ಕಿ ಒಯ್ದವರನ್ನು ನಮ್ಮ ಚರಿತ್ರೆಯಿಂದ ಹೊರಗಿಡುವುದು ನ್ಯಾಯವಲ್ಲ.