ವಸಾಯಿಯ ಬಾವಿಗಳ ಲೆಕ್ಕ

ವಿರಾರ್ ಲೋಕಲ್‌ನಲ್ಲಿ ಓಡಾಡುವ ನಮ್ಮವರಿಗೆ ವಸಾಯಿ ಅಂದರೆ ಸಾಲು ಸಾಲು ಬಿಲ್ಡಿಂಗುಗಳು. ಹಳಬರಿಗೆ ಮಾತ್ರ ಅದು ಬಾಳೆ, ವೀಳ್ಯದೆಲೆ, ಹೂವಿನ ತೋಟಗಳ ಊರು. ಸಮುದ್ರ ಪಕ್ಕದಲ್ಲೇ ಇದ್ದರೂ ಬಾವಿಯಲ್ಲಿ ಸಿಹಿನೀರು!

ಎಂಬತ್ತರ ದಶಕದ ಕೊನೆಗೆ ಸರ್ಕಾರ ಅಲ್ಲಿನ ಹಸಿರು ವಲಯದ ದೊಡ್ಡ ಭಾಗವನ್ನು ಕಟ್ಟಡಗಳಿಗೆ ಬಿಟ್ಟುಕೊಟ್ಟಿತು. 1990ರಲ್ಲಿ ಯೋಜನೆಯ ಹೊಣೆ ಸಿಡ್ಕೋಗೆ ಹೋಯಿತು. ಬಿಲ್ಡರುಗಳು ಬಂದರು, ಹಿಂದೆಯೇ ನೀರಿನ ಟ್ಯಾಂಕರುಗಳೂ ಬಂದವು. ಕರಾವಳಿಯ ಬಾವಿಗಳಿಂದ ಮಿತಿಮೀರಿ ನೀರೆತ್ತಿದರೆ ನೆಲದಡಿಯಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಮಳೆ ಬಡ್ಡಿ, ಅಂತರ್ಜಲ ಅಸಲು. ಇಲ್ಲಿ ಅಸಲಿಗೇ ಕೈ ಹಾಕಿದ್ದರು.

ಇದನ್ನು ತಡೆಯಲು ಹುಟ್ಟಿದ್ದು ಹರಿತ ವಸಾಯಿ ಸಂರಕ್ಷಣ ಸಮಿತಿ. ಮುಂದೆ ನಿಂತವರು ಫಾದರ್ ಫ್ರಾನ್ಸಿಸ್ ದಿಬ್ರಿಟೊ. ಪಾದ್ರಿಯೂ ಹೌದು, ಮರಾಠಿ ಸಾಹಿತಿಯೂ ಹೌದು, 2024ರಲ್ಲಿ ತೀರಿಕೊಂಡರು.

ಚಳವಳಿ ನಡೆಯಿತು, ಬಿಲ್ಡಿಂಗುಗಳೂ ಎದ್ದವು. 2009ರಲ್ಲಿ ನಾಲ್ಕು ನಗರ ಪರಿಷತ್ತುಗಳ ಜತೆ ಹಳ್ಳಿಗಳನ್ನೂ ಸೇರಿಸಿ ಮಹಾನಗರಪಾಲಿಕೆ ಮಾಡಿದಾಗ ಹಳ್ಳಿಯವರು ಮತ್ತೆ ಬೀದಿಗಿಳಿದರು. 2011ರ ಜನಗಣತಿಯಲ್ಲಿ ವಸಾಯಿ-ವಿರಾರ್ ಜನಸಂಖ್ಯೆ 12 ಲಕ್ಷ ದಾಟಿತ್ತು. ಅಷ್ಟು ಜನಕ್ಕೆ ನೀರು? ಆದಿವಾಸಿಗಳ ಹೊಲಕ್ಕೆಂದು ಕಟ್ಟಿದ ಸೂರ್ಯಾ ಅಣೆಕಟ್ಟಿನಿಂದ ತಂದರು. ಒಬ್ಬರ ಸಾಲ ಇನ್ನೊಬ್ಬರ ತಲೆಗೆ! 2018ರ ಜುಲೈ ಮಳೆಯಲ್ಲಿ ಊರಿಗೆ ಊರೇ ನೀರಿನಲ್ಲಿ ನಿಂತಿತು.

ಮನೆ ಬೇಡ ಅನ್ನುವಂತಿಲ್ಲ, ಹೊಟ್ಟೆಪಾಡಿಗೆ ಬಂದ ನಮ್ಮಂಥವರಿಗೂ ಸೂರು ಬೇಕಲ್ಲ. ಆದರೆ ನೋಡಿ, ಗೃಹಸಾಲದ ಫೈಲಿನಲ್ಲಿ ಟೈಟಲ್ ಇರುತ್ತೆ, ಪ್ಲಾನ್ ಇರುತ್ತೆ. ಬಾವಿ ನೀರಿಗೆ ಒಂದು ಕಾಲಂ ಇರೋದಿಲ್ಲ. ವಸಾಯಿಯವರು ಕೇಳಿದ್ದು ಆ ಒಂದು ಕಾಲಂ ಅಷ್ಟೆ.