ಹಾಡ್ತಾ ಹಾಡ್ತಾ ರಾಗ: ‘ಲೆವೆಲ್’ ಬಂದ ದಾರಿ, ಒಂದು ಹಳೆ ಆಟದ ಲೆಕ್ಕ

“ನಿಂದು ಲೆವೆಲ್ ಎಷ್ಟೋ?” ಫೋನಿನಲ್ಲಿ ಗೇಮ್ ಆಡುವ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಮೊದಲು ಕೇಳಿಕೊಳ್ಳುವ ಮಾತು ಇದು. ಒಬ್ಬ ಐವತ್ತು ಅಂದರೆ ಇನ್ನೊಬ್ಬ ಅರವತ್ತು ಅನ್ನುತ್ತಾನೆ. ಯಾರು ದೊಡ್ಡವರು ಅನ್ನುವುದು ಅಲ್ಲಿಗೇ ತೀರ್ಮಾನವಾಗುತ್ತದೆ.

ಈ ಲೆವೆಲ್ ಎಣಿಸುವ ಪದ್ಧತಿ ಎಲ್ಲಿಂದ ಬಂತು? ಅದು ನಿಜಕ್ಕೂ ಏನನ್ನು ಎಣಿಸುತ್ತದೆ? ಇದನ್ನು ಹುಡುಕುತ್ತ ಹೋದ ನಾವು ಕೊನೆಗೆ 1996ರ ಒಂದು ಕಂಪ್ಯೂಟರ್ ಆಟದ ಮುಂದೆ ಬಂದು ಕೂತೆವು. ಅದರ ಹೆಸರು ಡ್ಯಾಗರ್‌ಫಾಲ್. ಆ ಆಟಕ್ಕೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಲು ಕಾಗದ, ಪೆನ್ಸಿಲ್, ದಾಳ

ಲೆವೆಲ್ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪುಸ್ತಕವಾಗಿ ತಂದರು. ನಾಲ್ಕಾರು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಹಾಕುತ್ತ ಕತೆ ಬೆಳೆಸುವ ಆಟ ಅದು. ನಮ್ಮ ಬಯಲಾಟದಲ್ಲಿ ಕತೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಮುಂದೇನು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಪಾತ್ರ ಬೆಳೆದದ್ದನ್ನು ಅಳೆಯಲು ಅವರು ‘ಅನುಭವದ ಅಂಕ’ ಎಂಬ ಲೆಕ್ಕ ಇಟ್ಟರು. ರಾಕ್ಷಸನನ್ನು ಸೋಲಿಸಿದರೆ ಅಂಕ, ನೆಲಮಾಳಿಗೆಯಿಂದ ಚಿನ್ನ ಹೊತ್ತು ತಂದರೆ ಅಂಕ. ಆ ಮೊದಲ ಪುಸ್ತಕದ ಪ್ರಕಾರ ಕತ್ತಿ ಹಿಡಿದ ಯೋಧ ಎರಡನೇ ಲೆವೆಲ್ಲಿಗೆ ಏರಬೇಕಾದರೆ 2,000 ಅಂಕ ಬೇಕು. ಮಂತ್ರವಾದಿಗೆ 2,500. ಅಂದರೆ ಅನುಭವ ಅಂದರೆ ಕೊಂದದ್ದು ಮತ್ತು ಗಳಿಸಿದ್ದು, ಅಷ್ಟೇ.

ಮರುವರ್ಷವೇ, 1975ರಲ್ಲಿ, ಇದು ಕಂಪ್ಯೂಟರಿಗೆ ಹಾರಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲಿಕ್ಕೆಂದು ಕಟ್ಟಿದ್ದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆ ಇತ್ತು. ಅದರೊಳಗೆ ಕೆಲವರು ಗುಟ್ಟಾಗಿ ಇಂಥ ಆಟ ಬರೆದಿಟ್ಟರು. ಒಂದಕ್ಕೆ ‘ಪೆಡಿಟ್5’ ಅಂತ ಯಾರಿಗೂ ಅನುಮಾನ ಬಾರದ ಹೆಸರಿತ್ತು. ಆದರೂ ನೋಡಿಕೊಳ್ಳುವವರ ಕಣ್ಣಿಗೆ ಬಿದ್ದು ಅಳಿಸಿಹೋಗುತ್ತಿತ್ತು. 1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ‘ವಿಝರ್ಡ್ರಿ’ ತಂದರು. ಅಲ್ಲಿ ಅಂಕ ತುಂಬಿದರೆ ಸಾಲದು, ಛತ್ರದಲ್ಲಿ ಮಲಗಿ ಎದ್ದರೇ ಲೆವೆಲ್ ಏರುತ್ತಿತ್ತು. ಕೆಲವೊಮ್ಮೆ ಲೆವೆಲ್ ಏರಿದಾಗಲೇ ಶಕ್ತಿ ಒಂದಂಕ ಕುಸಿಯುವುದೂ ಇತ್ತು.

ಇನ್ನೊಂದು ದಾರಿ

ಈ ಲೆಕ್ಕ ಒಪ್ಪದವರೂ ಇದ್ದರು. ನರಿ ಕೊಂದವನಿಗೆ ಬೀಗ ತೆಗೆಯುವ ವಿದ್ಯೆ ಹೇಗೆ ಬರುತ್ತದೆ ಅನ್ನುವುದು ಅವರ ತಕರಾರು. 1978ರ ‘ರೂನ್‌ಕ್ವೆಸ್ಟ್’ ಎಂಬ ಮೇಜಿನ ಆಟದಲ್ಲಿ ಲೆವೆಲ್ಲೇ ಇರಲಿಲ್ಲ. ಯಾವ ವಿದ್ಯೆ ಬಳಸಿ ಗೆದ್ದೆಯೋ ಅದು ಬೆಳೆಯುವ ಅವಕಾಶ, ಅಷ್ಟೆ. ನಮ್ಮವರು ಇದನ್ನು ಯಾವತ್ತೋ ಹೇಳಿದ್ದಾರಲ್ಲ: ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಗಾದೆಯ ಎರಡನೇ ಅರ್ಧವನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1988ರಲ್ಲಿ ಜಪಾನಿನ ‘ಫೈನಲ್ ಫ್ಯಾಂಟಸಿ 2’ ಇದೇ ದಾರಿ ಹಿಡಿಯಿತು. ಪೆಟ್ಟು ತಿಂದವನ ದೇಹಬಲ ಏರಬೇಕು ಅಂತ ನಿಯಮ ಮಾಡಿದರು. ಆಡುವವರು ಏನು ಮಾಡಿದರು ಗೊತ್ತೇ? ತಮ್ಮ ಪಡೆಯವರಿಗೆ ತಾವೇ ಹೊಡೆದುಕೊಂಡು ಬಲ ಏರಿಸಿಕೊಂಡರು!

ಅಮೆರಿಕದ ಮೇರಿಲ್ಯಾಂಡಿನ ಬೆಥೆಸ್ಡಾ ಕಂಪನಿ 1994ರಲ್ಲಿ ತಂದ ‘ಅರೀನಾ’ ಹಳೆ ದಾರಿಯದೇ: ಕೊಂದರೆ ಅಂಕ. ಎರಡು ವರ್ಷ ಬಿಟ್ಟು ಅದರ ಮುಂದಿನ ಭಾಗವಾಗಿ ಡ್ಯಾಗರ್‌ಫಾಲ್ ಬಂತು. ಜೂಲಿಯನ್ ಲಫೇ, ಟೆಡ್ ಪೀಟರ್ಸನ್ ಮೊದಲಾದವರು ಕಟ್ಟಿದ ಈ ಆಟದಲ್ಲಿ ಕೊಂದದ್ದಕ್ಕೆ ಅಂಕವೇ ಇಲ್ಲ. ಮಾಡಿದ ಕೆಲಸಕ್ಕೆ ಮಾತ್ರ ಲೆಕ್ಕ. ಆಟದ ನಾಡೂ ಸಣ್ಣದಲ್ಲ. ಊರು, ಗುಡಿ, ನೆಲಮಾಳಿಗೆ ಎಲ್ಲ ಸೇರಿ ಸುಮಾರು 15,000 ಜಾಗಗಳು. ಆಡಿದವರ ಅಳತೆಯಲ್ಲಿ ಅದರ ವಿಸ್ತಾರ ನಮ್ಮ ಇಡೀ ಕರ್ನಾಟಕಕ್ಕಿಂತ ಸ್ವಲ್ಪವೇ ಕಡಿಮೆ.

ಹಳೆ ಆಟ ಎದ್ದು ಕೂತದ್ದು

ಈ ಆಟ ಬರೆದಿದ್ದು ಡಾಸ್ ಎಂಬ ಹಳೆ ವ್ಯವಸ್ಥೆಗೆ. ಈಗಿನ 64 ಬಿಟ್ ವಿಂಡೋಸ್ ಅದನ್ನು ನೇರವಾಗಿ ಓಡಿಸುವುದಿಲ್ಲ. ಅದಕ್ಕೆ ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶ ಇದೆ. ಅದು ಹೊಸ ಕಂಪ್ಯೂಟರಿನೊಳಗೆ ಹಳೆ ಕಂಪ್ಯೂಟರಿನ ವೇಷ ಕಟ್ಟುತ್ತದೆ. ಆಟವನ್ನೂ ಬೆಥೆಸ್ಡಾ 2009ರಿಂದ ಉಚಿತವಾಗಿ ಕೊಡುತ್ತಿದೆ. ಹಾಗಾಗಿ ಕಳ್ಳ ಪ್ರತಿಯ ಹಂಗಿಲ್ಲ.

ಆಟದ ಕಡತಗಳನ್ನು ಒಂದು ಫೋಲ್ಡರಿನಲ್ಲಿಟ್ಟು, ಡಾಸ್‌ಬಾಕ್ಸಿಗೆ ‘ಮೌಂಟ್’ ಆಜ್ಞೆ ಕೊಟ್ಟು ಇದೇ ನಿನ್ನ ‘ಸಿ’ ಡ್ರೈವ್ ಅಂತ ಹೇಳಬೇಕು. ಕಾಡಿಸುವುದು ವೇಗ. ಡಾಸ್‌ಬಾಕ್ಸಿನಲ್ಲಿ ವೇಗವನ್ನು ‘ಸೈಕಲ್ಸ್’ ಅನ್ನುತ್ತಾರೆ. ಕಡಿಮೆ ಇಟ್ಟರೆ ಆಟ ಕುಂಟುತ್ತದೆ, ಅತಿಯಾದರೆ ಹುಚ್ಚು ಕುದುರೆ. ಕಂಟ್ರೋಲ್ ಕೀ ಜತೆ ಎಫ್12 ಒತ್ತಿದರೆ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ಒಂದು ಮೆಟ್ಟಿಲು ಹತ್ತುವಷ್ಟು ಹೊತ್ತು ಎರಡನ್ನೂ ಒತ್ತಿ ನೋಡಿ ಹದ ಕಂಡುಕೊಳ್ಳಬೇಕು. ರೇಡಿಯೋ ಸ್ಟೇಷನ್ ಹಿಡಿದ ಹಾಗೆ.

ಇನ್ನೊಂದು ಎಚ್ಚರಿಕೆ. ಈ ಆಟದಲ್ಲಿ ದೋಷಗಳು ಹೆಚ್ಚು. ನೆಲಮಾಳಿಗೆಯಲ್ಲಿ ನಡೆಯುತ್ತಿರುವಾಗ ಗೋಡೆಯ ಸಂದಿಯಿಂದ ಜಾರಿ ಕತ್ತಲ ಶೂನ್ಯಕ್ಕೆ ಬೀಳುವುದು ಹೆಸರಾದ ಕಾಟ. ಆಗಾಗ ಸೇವ್ ಮಾಡಿಕೊಳ್ಳುವುದೇ ಮದ್ದು. ಇಷ್ಟೆಲ್ಲ ಬೇಡ ಅನ್ನುವವರಿಗೆ, ಅಭಿಮಾನಿಗಳು ಹೊಸ ಯಂತ್ರಗಳಿಗೆಂದು ಮತ್ತೆ ಕಟ್ಟಿದ ‘ಡ್ಯಾಗರ್‌ಫಾಲ್ ಯೂನಿಟಿ’ ಇದೆ. ವರ್ಷಗಟ್ಟಲೆ ದುಡಿದು ಅದನ್ನು 2023ರ ಕೊನೆಗೆ ಪೂರ್ಣ ರೂಪಕ್ಕೆ ತಂದರು.

ಲೆಕ್ಕ ಹೀಗಿದೆ

ಆಟದಲ್ಲಿ ಒಟ್ಟು 35 ವಿದ್ಯೆಗಳು. ಕತ್ತಿ, ಬಿಲ್ಲು, ಮಂತ್ರ ಅಷ್ಟೇ ಅಲ್ಲ, ಓಡುವುದು, ನೆಗೆಯುವುದು, ಈಜುವುದು, ವ್ಯಾಪಾರ, ವೈದ್ಯ, ಮರ್ಯಾದೆಯ ಮಾತು, ಬೀದಿಮಾತು ಕೂಡ ಇವೆ. ಇವುಗಳಲ್ಲಿ 12ನ್ನು ನಿಮ್ಮ ಪಾತ್ರಕ್ಕೆ ಆರಿಸಿಕೊಳ್ಳಬೇಕು. ಮೂರು ಪ್ರಧಾನ, ಮೂರು ಮುಖ್ಯ, ಆರು ಕಿರಿಯ.

ಒಂದು ವಿದ್ಯೆ ಬಳಸಿದಾಗಲೆಲ್ಲ ಆಟ ಒಳಗೊಳಗೇ ಗೆರೆ ಎಳೆದುಕೊಳ್ಳುತ್ತದೆ. ನೀವು ವಿಶ್ರಾಂತಿಗೆ ಮಲಗಿದಾಗ ಆ ಗೆರೆ ಎಣಿಸಿ, ಸಾಕಷ್ಟಿದ್ದರೆ ವಿದ್ಯೆಯನ್ನು ಒಂದಂಕ ಏರಿಸುತ್ತದೆ. ವಿದ್ಯೆ ಮೇಲಕ್ಕೆ ಹೋದಷ್ಟೂ ಮುಂದಿನ ಅಂಕಕ್ಕೆ ಹೆಚ್ಚು ಗೆರೆ ಬೇಕು.

ಲೆವೆಲ್ಲಿಗೆ ಹನ್ನೆರಡೂ ಲೆಕ್ಕಕ್ಕಿಲ್ಲ. ಮೂರು ಪ್ರಧಾನ ವಿದ್ಯೆ, ಮುಖ್ಯದಲ್ಲಿ ಹೆಚ್ಚಿರುವ ಎರಡು, ಕಿರಿಯದಲ್ಲಿ ಹೆಚ್ಚಿರುವ ಒಂದು, ಒಟ್ಟು ಆರರ ಮೊತ್ತ ಮಾತ್ರ. ಈಗಿನ ಮೊತ್ತದಲ್ಲಿ ಆಟ ಶುರುವಾದಾಗಿನ ಮೊತ್ತ ಕಳೆಯಿರಿ, 28 ಕೂಡಿಸಿ, 15ರಿಂದ ಭಾಗಿಸಿ. ಶೇಷ ಬಿಟ್ಟು ಬಂದದ್ದೇ ಲೆವೆಲ್.

ಶುರುವಿನ ಮೊತ್ತ 141 ಇತ್ತು ಅನ್ನಿ. ಅದು 143 ಆದ ಕೂಡಲೇ 2ಕ್ಕೆ 28 ಕೂಡಿ 30, ಹದಿನೈದರಿಂದ ಭಾಗಿಸಿದರೆ ಎರಡನೇ ಲೆವೆಲ್. ಮೂರನೆಯದಕ್ಕೆ 158 ಆಗಬೇಕು, ನಾಲ್ಕಕ್ಕೆ 173. ಮೊದಲ ಮೆಟ್ಟಿಲಿಗೆ ಎರಡೇ ಅಂಕ, ಆಮೇಲೆ ಪ್ರತಿಸಲ ಹದಿನೈದು. ವಿದ್ಯೆ ನೂರರ ಮೇಲೆ ಹೋಗುವುದಿಲ್ಲ. ಹಾಗಾಗಿ ಎಲ್ಲವನ್ನೂ ತುದಿ ಮುಟ್ಟಿಸಿದರೂ ಈ ಪಾತ್ರದ ಲೆವೆಲ್ ಮೂವತ್ತರ ಆಸುಪಾಸಿಗೆ ನಿಲ್ಲುತ್ತದೆ.

ಈ ಲೆಕ್ಕ ಗೊತ್ತಿಲ್ಲದೆ ಆರಿಸಿದರೆ ಪಜೀತಿ. ಈ ಆಟದಲ್ಲಿ ರಾಕ್ಷಸರು, ಯಕ್ಷಿಯರಂಥವರ ಒಂಬತ್ತು ಭಾಷೆಗಳೂ ವಿದ್ಯೆಗಳೇ. ಅವನ್ನು ಪ್ರಧಾನ ಮಾಡಿಕೊಂಡರೆ, ಮಾತಾಡಿಸಲು ಆ ಜಾತಿಯವರು ಎದುರಾಗುವುದೇ ಅಪರೂಪ, ಲೆವೆಲ್ ಅಲ್ಲೇ ನಿಂತಿರುತ್ತದೆ.

ನೆಗೆದು ನೆಗೆದು ವೀರ

ಗಾದೆಯ ಎರಡನೇ ಅರ್ಧ ಈಗ ಬಂತು. ಆಡುವವರು ಬಹು ಬೇಗ ಒಳದಾರಿ ಕಂಡುಕೊಂಡರು. ನೆಗೆಯುವುದನ್ನು ಪ್ರಧಾನ ವಿದ್ಯೆ ಮಾಡಿಕೊಂಡು ಊರ ತುಂಬ ಕುಪ್ಪಳಿಸುತ್ತ ಓಡಾಡಿದರು. ಅತಿ ಅಗ್ಗದ ಮಂತ್ರ ಒಂದನ್ನು ಕೂತಲ್ಲೇ ನೂರಾರು ಸಲ ಹಾಕಿ, ಮಲಗಿ, ಎದ್ದು, ಮತ್ತೆ ಹಾಕಿದರು. ಶತ್ರುವಿನ ಮುಖ ನೋಡದೆ ಲೆವೆಲ್ ಏರಿತು.

ಆದರೆ ಆಟದಲ್ಲಿ ಇನ್ನೊಂದು ನಿಯಮ ಇದೆ. ನಿಮ್ಮ ಲೆವೆಲ್ ಏರಿದಂತೆ ಎದುರಾಗುವ ಶತ್ರುಗಳೂ ಬಲವಾಗುತ್ತಾರೆ. ಮೊದಲು ಇಲಿ, ಬಾವಲಿ ಬರುತ್ತಿದ್ದ ನೆಲಮಾಳಿಗೆಯಲ್ಲಿ ಆಮೇಲೆ ದೊಡ್ಡ ದೊಡ್ಡ ಭೂತಗಳು. ಅವು ನೋಡುವುದು ನಿಮ್ಮ ಲೆವೆಲ್ಲನ್ನು ಮಾತ್ರ. ಅದು ಕತ್ತಿಯಿಂದ ಬಂತೋ ಕುಪ್ಪಳಿಸಿ ಬಂತೋ ಅವಕ್ಕೆ ಬೇಕಿಲ್ಲ. ನಾವೂ ಹೀಗೆ ನೆಗೆದು ನೆಗೆದು ಲೆವೆಲ್ ಏರಿಸಿ ಒಳಗೆ ಹೋದೆವು. ಬೀಸಿದ ಕತ್ತಿ ಒಂದೂ ತಾಗಲಿಲ್ಲ. ಅರ್ಧ ನಿಮಿಷದಲ್ಲಿ ಕತೆ ಮುಗಿಯಿತು.

ಮುಂದೆ ಇದೇ ಸರಣಿಯಲ್ಲಿ 2002ರಲ್ಲಿ ಮೊರೋವಿಂಡ್, 2006ರಲ್ಲಿ ಆಬ್ಲಿವಿಯನ್, 2011ರಲ್ಲಿ ಸ್ಕೈರಿಮ್ ಬಂದವು. ಮೂರೂ ಲೆಕ್ಕವನ್ನು ತಿದ್ದಿದವು, ಮಾಡಿದ ಕೆಲಸವೇ ಬೆಳೆಸಬೇಕು ಅನ್ನುವ ಮೂಲ ಬಿಡಲಿಲ್ಲ. ಪ್ರತಿಸಲವೂ ಆಡುವವರು ಹೊಸ ಒಳದಾರಿ ಹುಡುಕಿಕೊಂಡರು.

ಇದರಲ್ಲಿ ಆಟ ಮಾಡಿದವರ ತಪ್ಪು ನಮಗೇನೂ ಕಾಣಲಿಲ್ಲ. ಕೊಂದದ್ದನ್ನು ಎಣಿಸಿದಾಗ ಜನ ಕೊಂದರು. ಚಿನ್ನ ಎಣಿಸಿದಾಗ ಚಿನ್ನ ಹೊತ್ತರು. ಪೆಟ್ಟು ಎಣಿಸಿದಾಗ ತಮ್ಮವರಿಗೇ ಹೊಡೆದರು. ನೆಗೆತ ಎಣಿಸಿದಾಗ ನೆಗೆದರು. 1974ರಿಂದ ಇಲ್ಲಿಯವರೆಗಿನ ಈ ಚರಿತ್ರೆ ಹೇಳುವುದು ಇದನ್ನೇ: ಏನನ್ನು ಎಣಿಸುತ್ತೀರೋ ಜನ ಅದನ್ನೇ ಮಾಡುತ್ತಾರೆ.

ನಮ್ಮ ಕಸುಬೂ ಇದರಿಂದ ಹೊರತಲ್ಲ. ಜಿಲ್ಲೆಯಿಂದ ವರದಿ ಕಳಿಸುವ ನಮ್ಮಂಥವರಿಗೆ ಎಷ್ಟು ಸುದ್ದಿ ಕಳಿಸಿದೆ, ಎಷ್ಟು ಜನ ನೋಡಿದರು ಅನ್ನುವುದೇ ಲೆಕ್ಕ. ದಿನಕ್ಕೆ ನಾಲ್ಕು ಸಭೆ ಸಮಾರಂಭದ ಸುದ್ದಿ ಹಾಕಿದರೆ ಸಂಖ್ಯೆ ಏರುತ್ತದೆ. ಒಂದು ಕೆರೆ ಒತ್ತುವರಿಯ ದಾಖಲೆ ಹುಡುಕಲು ವಾರಗಟ್ಟಲೆ ತಿರುಗಿದರೆ ಸಂಖ್ಯೆ ಅಲ್ಲೇ ಇರುತ್ತದೆ. ನಾವೂ ಎಷ್ಟೋ ದಿನ ಕುಪ್ಪಳಿಸಿದ್ದೇವೆ. ದೊಡ್ಡ ಸುದ್ದಿ ಎದುರಾದ ದಿನ ಪ್ರಶ್ನೆ ಕೇಳಲು ಬಾಯಿ ಬಾರದೆ ನಿಂತಾಗ, ಆ ನೆಲಮಾಳಿಗೆಯ ನೆನಪಾಗದೆ ಇರಲಿಲ್ಲ.

ಹೊಸ ಪಾತ್ರ ಶುರು ಮಾಡಿದ್ದೇವೆ. ಈ ಸಲ ಪ್ರಧಾನ ವಿದ್ಯೆ ಕತ್ತಿ, ಬೀದಿಮಾತು ಮತ್ತು ವೈದ್ಯ. ಲೆವೆಲ್ ಇನ್ನೂ ಮೂರೇ. ಕತ್ತಿ ಮಾತ್ರ ಈಗೀಗ ತಾಗುತ್ತಿದೆ.