ಕುಲದ ದಾರಿ, ನುಡಿಯ ದಾರಿ: ಆಕಾ ಜನರು ಮತ್ತು ಉತ್ತರ ಕನ್ನಡದ ಸಿದ್ದಿಯರು

ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳ ಕಾಡಿನಂಚಿನಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕಾ ಮೂಲದವರೆಂಬುದು ಸುವಿದಿತ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡನ್ನು ಸೇರಿದವರ ಸಂತತಿ ಇವರಲ್ಲಿ ಗಣನೀಯವಾಗಿದೆ. 2011ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವು ಬಂಟು ನುಡಿಗಳನ್ನಾಡುವ ಜನರೊಡನೆ ಇವರಿಗಿರುವ ನಂಟನ್ನು ತೋರಿಸಿತು. ಆದರೆ ಇವರ ಮನೆಮಾತು ಬಂಟುವಲ್ಲ. ಅದು ಕೊಂಕಣಿಯ ಒಂದು ಬಗೆ. ಹೊರಗಿನ ವ್ಯವಹಾರಕ್ಕೆ ಕನ್ನಡವಿದೆ; ಮುಸಲ್ಮಾನ ಸಿದ್ದಿಯರಲ್ಲಿ ಉರ್ದುವೂ ಉಂಟು. ಹಾಗಾದರೆ ಇವರ 'ನಿಜವಾದ' ನುಡಿ ಯಾವುದು ಎಂಬ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲಾಗುತ್ತದೆ. ಈ ಪ್ರಶ್ನೆಯೇ ಮರುಪರಿಶೀಲನೆಗೆ ಅರ್ಹವೆಂದು ನಾವು ಭಾವಿಸುತ್ತೇವೆ.

ಇದಕ್ಕೆ ವಿಲೋಮವಾದ ನಿದರ್ಶನವೊಂದು ಆಫ್ರಿಕಾದಲ್ಲಿಯೇ ಇದೆ. ಮಧ್ಯ ಆಫ್ರಿಕಾ ಗಣರಾಜ್ಯ ಹಾಗೂ ಕಾಂಗೋ ಗಣರಾಜ್ಯದ ಮಳೆಕಾಡುಗಳಲ್ಲಿ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುತ್ತ ಬಂದ ಆಕಾ ಜನರ ನುಡಿ ಬಂಟು ವರ್ಗದ್ದು. ಒಬ್ಬನನ್ನು 'ಮೊಆಕಾ' ಎಂದೂ ಹಲವರನ್ನು 'ಬಆಕಾ' ಎಂದೂ ಕರೆಯುವಲ್ಲಿ ಬಂಟು ವ್ಯಾಕರಣದ ನಾಮಪೂರ್ವಪ್ರತ್ಯಯಗಳು ಸ್ಪಷ್ಟವಾಗಿವೆ. ಆದರೆ ವಂಶದಿಂದ ಇವರು ಬೇಸಾಯಗಾರ ಬಂಟು ಜನರಿಂದ ಭಿನ್ನರು. ನೆರೆಯವರ ನುಡಿಯನ್ನು ತಮ್ಮದಾಗಿಸಿಕೊಂಡವರೆಂಬುದು ವಿದ್ವಾಂಸರ ಅಭಿಮತ. ಇವರಂತೆಯೇ ಕಾಡಿನಲ್ಲಿ ಬಾಳುವ ಬಾಕಾ ಜನರ ನುಡಿ ಉಬಂಗಿ ವರ್ಗಕ್ಕೆ ಸೇರಿದ್ದರೂ, ಕಾಡಿನ ಬದುಕಿಗೆ ಸಂಬಂಧಿಸಿದ ಅನೇಕ ಪದಗಳು ಈ ಎರಡು ನುಡಿಗಳಿಗೂ ಸಮಾನವೆಂದು ಸೆರ್ಜ್ ಬಹುಶೆ ತೋರಿಸಿದ್ದಾರೆ.

ಅಂದರೆ, ಬಂಟು ವಂಶದವರಲ್ಲದವರು ಬಂಟು ನುಡಿಯುತ್ತಾರೆ. ಬಂಟು ಮೂಲದವರು ಕೊಂಕಣಿ ನುಡಿಯುತ್ತಾರೆ. ಕುಲವೂ ನುಡಿಯೂ ಒಂದೇ ದಾರಿಯಲ್ಲಿ ಸಾಗಬೇಕೆಂಬ ನಿಯಮವಿಲ್ಲ. 'ಸಿದ್ದಿ' ಎಂಬ ಹೆಸರೂ ಏಕಮೂಲವನ್ನು ಸೂಚಿಸದು. 1610ರಲ್ಲಿ ಖಡ್ಕಿಯನ್ನು, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರವನ್ನು, ನೆಲೆಗೊಳಿಸಿದ ಮಲಿಕ್ ಅಂಬರ್ ಇಥಿಯೋಪಿಯಾದವನು. ಅವನ ನಾಡಿನ ನುಡಿಗಳು ಬಂಟು ವರ್ಗದವಲ್ಲ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಅವರ ಮಾತಿನಲ್ಲಿ ಆಫ್ರಿಕಾದ ಪದಗಳನ್ನಷ್ಟೇ ಹುಡುಕುವವರು, ಅವು ಸಿಗದಾಗ, ಆ ಮಾತನ್ನೇ ಎರವಲೆಂದು ಬದಿಗಿಡುವ ಅಪಾಯವಿದೆ. ಪರರ ಮನೆ-ಹೊಲಗಳಲ್ಲಿ ದುಡಿದು, ಹಲವು ತಲೆಮಾರು ಕಾಡಿನಲ್ಲಿ ಬಾಳಿ ರೂಪಿಸಿಕೊಂಡ ಆ ಕೊಂಕಣಿಯೇ ಸಿದ್ದಿಯರ ಚರಿತ್ರೆಯ ದಾಖಲೆ. ಜೇನು, ಬೇಟೆ, ದಮಾಮಿ ವಾದ್ಯ, ನಂಟಸ್ತಿಕೆಗಳ ಶಬ್ದಸಂಪತ್ತನ್ನು ಹಿರಿಯರ ಬಾಯಿಂದ ಮೊದಲು ಬರೆದುಕೊಳ್ಳೋಣ; ಮೂಲದ ಚರ್ಚೆ ಅನಂತರ ನಡೆಯಲಿ.